ದೇವರೇ ರಾಜ ಎಂದವರು ಅರಸನನ್ನು ಯಾಕೆ ಕೇಳಿದರು?

ಪ್ರಶ್ನೆ: ಪ್ರಾಚೀನ ಇಸ್ರಾಯೇಲ್ಯರು ದೇವರನ್ನೇ ತಮ್ಮ ರಾಜ ಎಂದು ನಂಬಿದ್ದರು. ಹಾಗಿದ್ದ ಮೇಲೆ ಮನುಷ್ಯ ರಾಜ ಯಾಕೆ ಬೇಕಾಯಿತು?

ಉತ್ತರ: ಬೈಬಲ್ ಕೊಡುವ ನೇರ ಕಾರಣ ಲಂಚ. ಜನರಿಗೆ ನ್ಯಾಯ ಹೇಳುತ್ತಿದ್ದ ಪ್ರವಾದಿ ಸಮುವೇಲನಿಗೆ ವಯಸ್ಸಾಗಿತ್ತು. ಬೇರ್ಷೆಬದಲ್ಲಿ ನ್ಯಾಯ ಹೇಳಲು ಅವನು ಕೂರಿಸಿದ್ದ ಇಬ್ಬರು ಮಕ್ಕಳೂ ದುಡ್ಡು ತಿನ್ನುತ್ತಿದ್ದರು. ಹಿರಿಯರೆಲ್ಲ ಸೇರಿ ರಾಮಾ ಊರಿಗೆ ಹೋಗಿ, ಬೇರೆ ಜನಕ್ಕೆ ಇರುವ ಹಾಗೆ ನಮಗೂ ಒಬ್ಬ ಅರಸ ಬೇಕು ಎಂದರು.

ಆದರೆ ನನಗೆ ಅಸಲಿ ಉತ್ತರ ಕಾಣುವುದು ಸಮುವೇಲನ ಮೊದಲ ಪುಸ್ತಕದ 13ನೇ ಅಧ್ಯಾಯದಲ್ಲಿ. ಇಸ್ರಾಯೇಲಿನಲ್ಲಿ ಆಗ ಒಬ್ಬ ಕಮ್ಮಾರನೂ ಇರಲಿಲ್ಲವಂತೆ. ಇವರು ಕತ್ತಿ, ಈಟಿ ಮಾಡಿಕೊಂಡಾರು ಎಂದು ಪಕ್ಕದ ಕರಾವಳಿಯ ಶತ್ರುಗಳಾದ ಫಿಲಿಷ್ಟಿಯರು ಕುಲುಮೆ ಇರಗೊಟ್ಟಿರಲಿಲ್ಲ. ಗುಳ ಹರಿತ ಮಾಡಿಸಬೇಕೆಂದರೂ ಬೆಟ್ಟ ಇಳಿದು ಶತ್ರುವಿನ ಹತ್ತಿರವೇ ಹೋಗಬೇಕು. ಕೂಲಿ ಒಂದು ‘ಪಿಮ್’. ಇಡೀ ಬೈಬಲ್ಲಿನಲ್ಲಿ ಈ ಪದ ಬರುವುದು ಇದೊಂದೇ ಕಡೆ. ಅದರ ಅರ್ಥ ಗೊತ್ತಾಗದೆ ಹಳೆಯ ಅನುವಾದಕರು ‘ಅರ’ (ಲೋಹ ಉಜ್ಜುವ ಉಪಕರಣ) ಎಂದು ಬರೆದದ್ದೂ ಉಂಟು. ಆಮೇಲೆ ಆ ಹೆಸರು ಕೆತ್ತಿದ ತೂಕದ ಕಲ್ಲುಗಳೇ ಸಿಕ್ಕವು. ತೂಕ 8 ಗ್ರಾಮಿಗೆ ಚೂರು ಕಡಿಮೆ. ಒಂದು ಗುಳಕ್ಕೆ ಅಷ್ಟು ಬೆಳ್ಳಿ! ಜಾಸ್ತಿಯೇ ಅಲ್ವಾ?

ಫಿಲಿಷ್ಟಿಯರಿಗೆ ಕರಾವಳಿ ಕಡೆ ಗಾಜಾ, ಅಷ್ಕೆಲೋನ್, ಅಷ್ದೋದ್, ಎಕ್ರೋನ್, ಗತ್ ಎಂಬ ಐದು ಪಟ್ಟಣಗಳಿದ್ದವು. ಇಸ್ರಾಯೇಲ್ಯರು ಬೆಟ್ಟದ ಮೇಲಿನ ಬೇಸಾಯಗಾರರು. ಯುದ್ಧ ಬಂದಾಗ ಯಾರೋ ಒಬ್ಬ ಮುಂದಾಳು ಎದ್ದು ಕೂಗು ಹಾಕುತ್ತಿದ್ದ, ಗೆದ್ದ ಮೇಲೆ ಎಲ್ಲರೂ ಮನೆಗೆ ಹೋಗುತ್ತಿದ್ದರು. ಒಮ್ಮೆ ನುಗ್ಗಿ ಹೋಗುವ ದರೋಡೆಕೋರರಿಗೆ ಇಷ್ಟು ಸಾಕು. ಅಫೇಕಿನ ಹತ್ತಿರ ಸೋಲಿಸಿ, ಇಸ್ರಾಯೇಲ್ಯರ ಪವಿತ್ರ ಪೆಟ್ಟಿಗೆಯಾದ ದೇವರ ಮಂಜೂಷವನ್ನೇ ಹೊತ್ತೊಯ್ದ ಫಿಲಿಷ್ಟಿಯರ ಮುಂದೆ ಇದು ನಡೆಯಲಿಲ್ಲ.

ಸಮುವೇಲ ಎಚ್ಚರಿಸಿದ್ದ. ಅರಸ ನಿಮ್ಮ ಗಂಡುಮಕ್ಕಳನ್ನು ರಥಕ್ಕೆ, ಹೆಣ್ಣುಮಕ್ಕಳನ್ನು ಅಡುಗೆಗೆ ಎಳೆದುಕೊಳ್ಳುತ್ತಾನೆ, ಒಳ್ಳೆಯ ಹೊಲ ಕಿತ್ತುಕೊಳ್ಳುತ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಕೇಳುತ್ತಾನೆ ಎಂದ. ಜನ ಕೇಳಲಿಲ್ಲ. ಅಪ್ಪನ ಕಳೆದುಹೋದ ಕತ್ತೆಗಳನ್ನು ಹುಡುಕಿಕೊಂಡು ಬಂದ ಸೌಲ ಮೊದಲ ಅರಸನಾದ. ಅಭಿಷೇಕವಾದ ಮೇಲೂ ಅವನು ಹೊಲದಿಂದ ಎತ್ತುಗಳ ಹಿಂದೆ ನಡೆದು ಬರುವ ಚಿತ್ರ ಆ ಪುಸ್ತಕದಲ್ಲಿದೆ. ಕೊನೆಗೆ ಗಿಲ್ಬೋವ ಬೆಟ್ಟದ ಮೇಲೆ ಫಿಲಿಷ್ಟಿಯರ ಎದುರೇ ಸತ್ತ.

ಸೌಲನ ಆಮೇಲೆ, ಕ್ರಿ.ಪೂ. 1000ರ ಸುಮಾರಿಗೆ ಅರಸನಾಗಿ ಬಂದ ದಾವೀದನ ಕಥೆ ಬೇರೆ. ಅವನ ರಾಜ್ಯ ಎಷ್ಟು ದೊಡ್ಡದಿತ್ತು ಎಂದು ವಿದ್ವಾಂಸರು ಇನ್ನೂ ಜಗಳಾಡುತ್ತಾರೆ. 1993ರಲ್ಲಿ ಇಸ್ರೇಲಿನ ಉತ್ತರದ ತೆಲ್ ದಾನ್‌ನಲ್ಲಿ ಸಿಕ್ಕ ಕ್ರಿ.ಪೂ. 9ನೇ ಶತಮಾನದ ಕಲ್ಲಿನಲ್ಲಿ ‘ದಾವೀದನ ಮನೆತನ’ ಎಂದಿದೆ ಎಂಬುದನ್ನಂತೂ ಹೆಚ್ಚಿನವರು ಒಪ್ಪುತ್ತಾರೆ. ಅವನು ಹೊಲ ಬಿಟ್ಟು ಬಂದ ರೈತರನ್ನಷ್ಟೇ ನಂಬಿಕೊಳ್ಳಲಿಲ್ಲ, ಸದಾ ಜೊತೆಗಿರುವ ಸೈನಿಕರನ್ನು ಇಟ್ಟುಕೊಂಡ. ಮಗ ಅಬ್ಷಾಲೋಮ ದಂಗೆ ಎದ್ದಾಗ ದಾವೀದನ ಬೆನ್ನಿಗೆ ನಿಂತು ಹೊರಟವರಲ್ಲಿ 600 ಮಂದಿ ಗತ್ ಊರಿನವರು. ಅಂದರೆ, ಫಿಲಿಷ್ಟಿಯರು!