ಜಿ-ರಾಫ್‌ನಲ್ಲಿ ಸಾಲು ಜೋಡಣೆ: ನಾನು ಎಡವಿದ ಜಾಗ

ಜಿ-ರಾಫ್ ಎಂದರೆ ಕಡತದಲ್ಲಿ ಬರೆದ ಆಜ್ಞೆಗಳ ಪ್ರಕಾರ ಪಠ್ಯವನ್ನು ಪುಟಕ್ಕೆ ಜೋಡಿಸುವ ತಂತ್ರಾಂಶ. ಅದರ ಜೊತೆ ಎರಡು ದಿನ ತಲೆ ಕೆಡಿಸಿಕೊಂಡಿದ್ದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಆಜ್ಞೆಗಳನ್ನು ಇಲ್ಲಿ ಇಂಗ್ಲಿಷ್ ಅಕ್ಷರಗಳ ಉಚ್ಚಾರದಂತೆ ಬರೆದಿದ್ದೇನೆ (.ಎಡಿ ಎಂದರೆ .ad). ಕಡತದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಚುಕ್ಕಿ ಸಾಲಿನ ಮೊದಲ ಅಕ್ಷರವಾಗಿಯೇ ಇರಬೇಕು.

.ಎಡಿ ಎಲ್ ಎಂದರೆ ಎಡಕ್ಕೆ, .ಎಡಿ ಆರ್ ಬಲಕ್ಕೆ, .ಎಡಿ ಸಿ ಮಧ್ಯಕ್ಕೆ, .ಎಡಿ ಬಿ ಎರಡೂ ಅಂಚಿಗೆ. ಏನೂ ಹೇಳದಿದ್ದರೆ ಬಿ. ಇಷ್ಟು ಸುಲಭ.

ನಾನು ಬಿದ್ದದ್ದು ಇಲ್ಲಿ. ಐದು ಸಾಲಾಗುವ ಒಂದು ಪ್ಯಾರಾ, ಅದರ ಕೆಳಗೆ ಬಲಕ್ಕೆ ಸಹಿ ಬೇಕಿತ್ತು:

…ಪತ್ರ ಇಲ್ಲಿಗೆ ಮುಗಿಯಿತು.
.ಎಡಿ ಆರ್
ಇಂತಿ ನಿಮ್ಮ

ಬಂದದ್ದೇನು? ಮೊದಲ ನಾಲ್ಕು ಸಾಲು ಸರಿಯಾಗಿವೆ. ಐದನೆಯದು ಮಾತ್ರ "ಪತ್ರ ಇಲ್ಲಿಗೆ ಮುಗಿಯಿತು. ಇಂತಿ ನಿಮ್ಮ" ಎಂದು ಒಂದೇ ಸಾಲಾಗಿ ಬಲ ಅಂಚಿಗೆ ಹೋಗಿ ಕೂತಿದೆ!

ಕಾರಣ: .ಎಡಿ ಸಾಲನ್ನು ಮುರಿಯುವುದಿಲ್ಲ. ಜಿ-ರಾಫ್ ಪದಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಸಾಲು ತುಂಬಿದ ಮೇಲಷ್ಟೇ ಹೊರಹಾಕುತ್ತದೆ. ಐದನೇ ಸಾಲು ಇನ್ನೂ ಅರ್ಧ ತುಂಬಿ ಅದರ ಕೈಯಲ್ಲೇ ಇತ್ತು. ಆಗ ನಾನು "ಬಲಕ್ಕೆ" ಎಂದೆ. ಸಾಲು ಯಾವ ಕಡೆಗೆ ಎಂಬುದು ಪದ ಓದುವಾಗ ತೀರ್ಮಾನವಾಗುವುದಿಲ್ಲ, ಸಾಲು ಹೊರಬೀಳುವಾಗ ಆಗುತ್ತದೆ.

ಸರಿ, ನಡುವೆ ಜಾಗ ಬಿಟ್ಟರಾಯಿತು ಎಂದು .ಎಡಿ ಆರ್ ಕೆಳಗೆ .ಎಸ್‌ಪಿ ಹಾಕಿದೆ. .ಎಸ್‌ಪಿ ಸಾಲು ಮುರಿಯುತ್ತದೆ, ಸಹಿ ಬೇರೆಯಾಯಿತು. ಆದರೆ "ಪತ್ರ ಇಲ್ಲಿಗೆ ಮುಗಿಯಿತು." ಬಲದಲ್ಲೇ ಉಳಿಯಿತು! ಮುರಿಯುವ ಹೊತ್ತಿಗೆ ಆರ್ ಆಗಲೇ ಜಾರಿಯಲ್ಲಿತ್ತಲ್ಲ. ಇದನ್ನು ಕಂಡಾಗಲೇ ನನಗೆ ನಿಜವಾಗಿ ಅರ್ಥವಾದದ್ದು. ಮೊದಲು ಮುರಿಯಬೇಕು, ಆಮೇಲೆ ದಿಕ್ಕು ಬದಲಿಸಬೇಕು:

.ಬಿಆರ್
.ಎಡಿ ಆರ್

ನನ್ನ ದಾರಿ ತಪ್ಪಿಸಿದ್ದು ಸಾಲನ್ನು ಮಧ್ಯಕ್ಕೆ ತರುವ .ಸಿಇ. ಮೊದಲು ಕಲಿತದ್ದು ಅದನ್ನೇ, ಅದು ತಾನೇ ಸಾಲು ಮುರಿದುಕೊಳ್ಳುತ್ತದೆ. ಎಲ್ಲವೂ ಹಾಗೇ ಅಂದುಕೊಂಡೆ. .ಸಿಇ 3 ಎಂದರೆ ಮುಂದಿನ ಮೂರು ಸಾಲು ಮಧ್ಯಕ್ಕೆ. ಎಣಿಸುವುದು ನಾವು ಟೈಪ್ ಮಾಡಿದ ಸಾಲುಗಳನ್ನು, ನಡುವೆ ಬರುವ ಆಜ್ಞೆಯ ಸಾಲುಗಳು ಲೆಕ್ಕಕ್ಕಿಲ್ಲ. ಎಣಿಸಲು ಬೇಜಾರಾದರೆ .ಸಿಇ 999 ಹಾಕಿ, ಮುಗಿದಲ್ಲಿ .ಸಿಇ 0. ಚೆಂದವಲ್ಲ, ಆದರೆ ಕೆಲಸ ನಡೆಯುತ್ತದೆ. .ಸಿಇ ಸಾಲುಗಳನ್ನು ಇದ್ದಂತೆಯೇ ಬಿಡುತ್ತದೆ; .ಎಡಿ ಸಿ ಪದಗಳನ್ನು ಕೂಡಿಸಿ ತುಂಬಿ, ಆಮೇಲೆ ಮಧ್ಯಕ್ಕೆ ತರುತ್ತದೆ. ಪದ್ಯಕ್ಕೆ ಮೊದಲನೆಯದು.

ಸಹಿಗೆ ಈಗ ನಾನು .ಎಡಿ ಮುಟ್ಟುವುದೇ ಇಲ್ಲ. .ಆರ್‌ಜೆ 1, ಮುಗಿಯಿತು. .ಸಿಇ ತರಹವೇ ತಾನೇ ಮುರಿದು, ಒಂದೇ ಒಂದು ಸಾಲನ್ನು ಬಲಕ್ಕಿಡುತ್ತದೆ, ಹಳೆಯ ದಿಕ್ಕಿಗೆ ಮರಳಿಸುವ ತಲೆನೋವಿಲ್ಲ. ಇದು ಜಿ-ರಾಫ್ ಸೇರಿಸಿದ ಸೌಲಭ್ಯ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜೋ ಒಸಾನ್ನಾ ಬರೆದ, ಜಿ-ರಾಫ್‌ಗೆ ಮೂಲವಾದ ಟಿ-ರಾಫ್‌ನಲ್ಲಿ ಇರಲಿಲ್ಲ.

.ಎನ್‌ಎ (ಅಂಚಿಗೆ ಹೊಂದಿಸುವುದನ್ನು ನಿಲ್ಲಿಸುವ ಆಜ್ಞೆ) ಮತ್ತು .ಎಡಿ ಎಲ್: ಕಾಗದದ ಮೇಲೆ ಎರಡೂ ಒಂದೇ, ಎಡ ಅಂಚು ನೇರ, ಬಲ ಅಂಚು ಅಂಕುಡೊಂಕು. ಆದರೆ .ಎನ್‌ಎ ಹಿಂದಿನ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ. ಮೊದಲು ಬಿ ಇದ್ದಿದ್ದರೆ, ಆಮೇಲೆ ಬರಿ .ಎಡಿ ಎಂದರೆ ಬಿ ವಾಪಸ್.

.ಎನ್‌ಎಫ್ ಹಾಕಿದ ಮೇಲೆ .ಎಡಿ ಬಿ ಕೆಲಸ ಮಾಡುತ್ತಿಲ್ಲ ಎಂದು ಒದ್ದಾಡಬೇಡಿ. ಸಾಲು ತುಂಬಿಸುವುದೇ ನಿಂತಾಗ ಹಿಗ್ಗಿಸುವುದೂ ನಿಲ್ಲುತ್ತದೆ; .ಎಫ್‌ಐ ಕೊಟ್ಟರೆ ಮತ್ತೆ ಶುರು.