ತಿಜೋರಿಗೆ ಎರಡು ಕೀಲಿ, ಕಳ್ಳರಿಗೆ ಒಂದೇ ಮನಸ್ಸು

'ಅಂಕಲ್, ನೀವು ಬ್ಯಾಂಕಿನವರು ಬ್ಯಾಂಕ್ ದರೋಡೆ ಸಿನಿಮಾ ನೋಡ್ತೀರಾ?' ಅಂತ ಗೋಣಿಕೊಪ್ಪದಲ್ಲಿ ಒಬ್ಬ ಕಾಲೇಜು ಹುಡುಗ ಕೇಳಿದ. ನೋಡುತ್ತೇನೆ, ಇಷ್ಟಪಟ್ಟೇ ನೋಡುತ್ತೇನೆ. ನನ್ನ ಕೆಲಸದ ಜಾಸ್ತಿ ವರ್ಷಗಳು ಕಳೆದದ್ದು ಕೊಡಗಿನ ಬ್ಯಾಂಕ್ ಶಾಖೆಗಳಲ್ಲೇ. ಈ ಸಿನಿಮಾಗಳು ಜನರನ್ನು ಯಾಕೆ ಇಷ್ಟು ಹಿಡಿದಿಡುತ್ತವೆ ಅನ್ನುವುದಕ್ಕೆ ಕೌಂಟರ್ ಒಳಗೆ ಕೂತವರಿಗೆ ಸಿಗುವ ಉತ್ತರವೇ ಬೇರೆ.

ದುಡ್ಡಿನ ಆಸೆಗೆ ನೋಡುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೈಗೆ ಬಂದ ಮೇಲಿನ ದೃಶ್ಯ ಯಾರಿಗೂ ಅಷ್ಟಾಗಿ ನೆನಪಿರುವುದಿಲ್ಲ. ನೆನಪಿರುವುದು ಅದಕ್ಕೂ ಮುಂಚಿನ ಕೆಲಸ. ಒಬ್ಬ ಬೀಗ ಬಲ್ಲವನು, ಒಬ್ಬ ವೈರ್ ಬಲ್ಲವನು, ಒಬ್ಬ ಗಾಡಿ ಓಡಿಸುವವನು. ಯಾರೂ ಯಾರಿಗೂ ಕೂಗಿ ಹೇಳುವುದಿಲ್ಲ. ಒಬ್ಬ ಕೈ ಚಾಚಿದರೆ ಬೇಕಾದ ಸಾಮಾನು ಆ ಕೈಗೆ ಬಂದಿರುತ್ತದೆ. 1955ರಲ್ಲಿ ಬಂದ 'ರಿಫಿಫಿ' ಅನ್ನುವ ಫ್ರೆಂಚ್ ಸಿನಿಮಾದಲ್ಲಿ ಒಡವೆ ಅಂಗಡಿಗೆ ಕನ್ನ ಹಾಕುವ ಭಾಗ ಸುಮಾರು ಅರ್ಧ ಗಂಟೆ ಇದೆ. ಅಷ್ಟೂ ಹೊತ್ತು ಒಂದು ಮಾತಿಲ್ಲ, ಸಂಗೀತವೂ ಇಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ. ಅಲ್ಲಿ ನಾವು ನೋಡುವುದು ಒಬ್ಬರನ್ನೊಬ್ಬರು ಪೂರ್ತಿ ನಂಬಿ ಕೆಲಸ ಮಾಡುವ ನಾಲ್ಕು ಜನರನ್ನು. ದಿನವೆಲ್ಲ ಆಫೀಸಿನಲ್ಲೋ ತೋಟದಲ್ಲೋ ದುಡಿದು ಬಂದವರಿಗೆ ಅಂಥ ಜೊತೆ ಎಷ್ಟು ಅಪರೂಪ ಅಂತ ಗೊತ್ತು, ಅಲ್ವಾ?

ಬ್ಯಾಂಕ್ ಕಟ್ಟಿರುವುದು ಇದಕ್ಕೆ ನೇರ ಎದುರಾದ ಲೆಕ್ಕದ ಮೇಲೆ. ಎಷ್ಟೇ ಒಳ್ಳೆಯವರಾದರೂ ಒಬ್ಬರನ್ನೇ ಪೂರ್ತಿ ನಂಬಬಾರದು ಅನ್ನುವುದೇ ನಮ್ಮ ವ್ಯವಸ್ಥೆ. ಸ್ಟ್ರಾಂಗ್ ರೂಮಿನ ಒಂದು ಕೀಲಿ ಕ್ಯಾಷ್ ನೋಡಿಕೊಳ್ಳುವವರ ಹತ್ತಿರ, ಇನ್ನೊಂದು ಮ್ಯಾನೇಜರ್ ಅಥವಾ ಅಕೌಂಟೆಂಟ್ ಹತ್ತಿರ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆಗೆಯುವುದು. ಇದಕ್ಕೆ ಜಾಯಿಂಟ್ ಕಸ್ಟಡಿ ಅನ್ನುತ್ತೇವೆ. ಡ್ಯೂಪ್ಲಿಕೇಟ್ ಕೀಲಿ ಸೀಲ್ ಆಗಿ ಬೇರೆ ಕಡೆ ಇರುತ್ತದೆ. ಒಬ್ಬರು ರಜೆ ಹೋದರೆ ಕೀಲಿ ಕೈ ಬದಲಾದದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಬೀಳಬೇಕು. ಜುಲೈ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಯಿತು, ಕೀಲಿ ಇರುವವರೊಬ್ಬರು ಆಚೆ ಸಿಕ್ಕಿಕೊಂಡರು ಅಂದರೆ, ಇನ್ನೊಬ್ಬರು ಬಾಗಿಲ ಮುಂದೆಯೇ ನಿಂತಿದ್ದರೂ ಏನೂ ಮಾಡುವ ಹಾಗಿಲ್ಲ. ಕೂಲಿ ಬಟವಾಡೆಗೆ ಹಣ ಬೇಕು ಅಂತ ಬಂದ ತೋಟದವರಿಗೆ ಸಿಟ್ಟು ಬರುತ್ತದೆ. ಆದರೆ ಅವರ ಹಣವನ್ನು ಕಾಯುವುದೂ ಅದೇ ನಿಯಮ.

ಹಾಗಾಗಿ ತೆರೆಯ ಮೇಲಿನ ಕಳ್ಳರ ತಂಡ ನೋಡುವಾಗ ನನಗೆ ಒಂಥರಾ ಬಿಡುಗಡೆ ಸಿಗುತ್ತದೆ. ಅಲ್ಲಿ ರಿಜಿಸ್ಟರ್ ಇಲ್ಲ, ಎರಡನೇ ಸಹಿ ಇಲ್ಲ. ಮಾತು ಕೊಟ್ಟರೆ ಮುಗಿಯಿತು.

ಕಥೆ ಹೇಳುವ ಚಾಕಚಕ್ಯತೆಯನ್ನೂ ಗಮನಿಸಿ. ಪ್ಲ್ಯಾನ್ ಏನು ಅಂತ ನಮಗೆ ಮೊದಲೇ ಪೂರ್ತಿ ಹೇಳಿಬಿಟ್ಟರೆ, ಅದು ಎಲ್ಲೋ ಕೆಡುತ್ತದೆ ಅಂತಲೇ ಅರ್ಥ. ನಮ್ಮಿಂದ ಮುಚ್ಚಿಟ್ಟರೆ ಗೆಲ್ಲುತ್ತದೆ. ಸಿಕ್ಕಿಬಿದ್ದರು ಅಂದುಕೊಂಡ ಹೊತ್ತಿನಲ್ಲಿ, ಅದೂ ಪ್ಲ್ಯಾನಿನ ಭಾಗವೇ ಆಗಿತ್ತು ಅಂತ ಗೊತ್ತಾಗುತ್ತದೆ. ನಾವು ಮೋಸ ಹೋಗಿರುತ್ತೇವೆ, ಆದರೂ ಖುಷಿಯಾಗುತ್ತದೆ. ಜಾದೂ ನೋಡಿದಾಗ ಆಗುವ ಖುಷಿ ಅದು.

ಕೆಲವನ್ನು ಸಿನಿಮಾ ಸುಮ್ನೆ ದಾಟಿಬಿಡುತ್ತದೆ. ನೋಟಿನ ಭಾರ ಅದರಲ್ಲಿ ಒಂದು. ಒಂದು ಕೋಟಿ ರೂಪಾಯಿಗೆ 500ರ ನೋಟು 20,000 ಬೇಕು. ತೂಕ ಹೆಚ್ಚುಕಡಿಮೆ 20 ಕೆ.ಜಿ. ಐವತ್ತು ಕೋಟಿ ಅಂದರೆ ಒಂದು ಟನ್ ಹತ್ತಿರ. ಹೆಗಲ ಮೇಲಿನ ಎರಡು ಬ್ಯಾಗಿನಲ್ಲಿ ಅದು ಹೋಗುವುದಿಲ್ಲ. ಇರಲಿ, ಅಷ್ಟನ್ನು ಕ್ಷಮಿಸೋಣ.

ಕ್ಷಮಿಸಲು ಕಷ್ಟವಾಗುವುದು ಇನ್ನೊಂದು. ಸಿನಿಮಾದಲ್ಲಿ ಕಳೆದುಕೊಳ್ಳುವವನು ಯಾವಾಗಲೂ ಕ್ಯಾಸಿನೊ ಮಾಲೀಕನೋ, ಕೆಟ್ಟ ಶ್ರೀಮಂತನೋ ಆಗಿರುತ್ತಾನೆ. ಇಲ್ಲದಿದ್ದರೆ 'ಇನ್ಶೂರೆನ್ಸ್ ಕೊಡುತ್ತೆ ಬಿಡು' ಅಂತ ಒಂದು ಮಾತು ಬರುತ್ತದೆ. ಹಾಗೆ ಮಾಡದಿದ್ದರೆ ನಾವು ಕಳ್ಳರ ಪರ ನಿಲ್ಲುವುದಿಲ್ಲ. ನಮ್ಮ ಸುತ್ತ ನಿಜವಾಗಿ ನಡೆದದ್ದು ನೋಡಿ. 2007ರ ಕೊನೆಯಲ್ಲಿ, ಗಡಿಯಾಚೆ ಕೇರಳದ ಚೇಲೇಂಬ್ರದಲ್ಲಿ ಗ್ರಾಮೀಣ ಬ್ಯಾಂಕಿನ ಕೆಳಗಿನ ಮಹಡಿಯನ್ನು ಬಾಡಿಗೆಗೆ ಹಿಡಿದ ತಂಡ ಮೇಲಕ್ಕೆ ತೂತು ಕೊರೆದು ಸುಮಾರು 80 ಕೆ.ಜಿ. ಚಿನ್ನ ಒಯ್ದಿತು. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 17 ಕೆ.ಜಿ.ಗೂ ಜಾಸ್ತಿ ಹೋಯಿತು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಸುಮಾರು 59 ಕೆ.ಜಿ. ಇವೆಲ್ಲ ಬಹುಪಾಲು ಜನ ಗಿರವಿ ಇಟ್ಟ ಚಿನ್ನ. ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಫೀಸಿಗೆ ಅಂತ ಇಟ್ಟದ್ದು.

ಈ ಪ್ರಕರಣಗಳಲ್ಲಿ ಸಿನಿಮಾದ ಪಾಠವೂ ಇತ್ತು. ನ್ಯಾಮತಿಯ ಕಳ್ಳರು ವೆಬ್ ಸರಣಿ ಮತ್ತು ವಿಡಿಯೊ ನೋಡಿ ಕಲಿತರು ಅಂತ ಪೊಲೀಸರು ಹೇಳಿದರು. ನಾಯಿಗೆ ವಾಸನೆ ಸಿಗಬಾರದು ಅಂತ ಖಾರದ ಪುಡಿ ಎರಚಿದ್ದರು, ಸಿಸಿಟಿವಿ ರೆಕಾರ್ಡರ್ ಕಿತ್ತುಕೊಂಡು ಹೋಗಿದ್ದರು. ಆದರೂ ಐದು ತಿಂಗಳಲ್ಲಿ ಸಿಕ್ಕಿಬಿದ್ದರು, ಚಿನ್ನದ ದೊಡ್ಡ ಪಾಲು ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತು. ಮನಗೂಳಿ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ಮ್ಯಾನೇಜರ್ ಒಬ್ಬರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಬ್ಬರನ್ನೇ ನಂಬಬೇಡಿ ಅಂತ ನಿಯಮ ಮಾಡಿದವರ ಕಣ್ಣ ಮುಂದೆ ಇದ್ದದ್ದು ಇಂಥ ದಿನವೇ.

ಕೊಡಗಿನಲ್ಲಿ ಈ ಮಾತಿಗೆ ಇನ್ನಷ್ಟು ಭಾರ. ಮದುವೆ ಸೀಸನ್‌ಗೆ ಮುಂಚೆ ಲಾಕರ್ ಕೋಣೆಯಲ್ಲಿ ಜನ, ಸೀಸನ್ ಮುಗಿದ ಮೇಲೆ ಮತ್ತೆ ಜನ. ಕೊಡವ ಹೆಂಗಸರ ಕೊಕ್ಕೆತಾತಿ, ಜೋಮಾಲೆ ಅನ್ನುವ ಚಿನ್ನದ ಸರಗಳು, ಗಂಡಸರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ. ತಲೆಮಾರಿನಿಂದ ತಲೆಮಾರಿಗೆ ಬಂದ ಒಡವೆಗಳು. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಳವು, ದರೋಡೆ, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ಇದ್ದರೆ ಎರಡು ಲಕ್ಷ. ಲಾಕರ್ ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತೇ ಇರುವುದಿಲ್ಲ, ಅದಕ್ಕೇ ಈ ಲೆಕ್ಕ. ಗಿರವಿ ಚಿನ್ನದ ವಿಷಯ ಬೇರೆ. ಅದರ ತೂಕ, ಬೆಲೆ ಎಲ್ಲ ಬರೆದಿಟ್ಟಿರುತ್ತದೆ, ಬ್ಯಾಂಕೇ ಜವಾಬ್ದಾರಿ ಹೊರಬೇಕು. ಆದರೆ ದುಡ್ಡು ವಾಪಸ್ ಬಂದರೂ ಆ ಕೊಕ್ಕೆತಾತಿ ವಾಪಸ್ ಬರುವುದಿಲ್ಲ. ಕರಗಿಸಿದ್ದರೆ ಮುಗಿಯಿತು. ಕರಗಿಸದೆ ಸಿಕ್ಕಿದರೂ ಕೋರ್ಟಿನಿಂದ ಬಿಡಿಸಿಕೊಳ್ಳುವ ತನಕ ಕಾಯಬೇಕು.

ಗಿರವಿ ಚಿನ್ನ ತಿಜೋರಿಯಲ್ಲಿ ರಾಶಿ ಬಿದ್ದಿರುವುದಿಲ್ಲ. ಒಂದೊಂದು ಸಾಲಕ್ಕೆ ಒಂದೊಂದು ಚೀಲ. ಅದರ ಮೇಲೆ ಹೆಸರು, ಸಾಲದ ನಂಬರ್, ತೂಕ. ನಮ್ಮ ಯಾವುದಾದರೂ ನಿರ್ದೇಶಕರು ಇಲ್ಲಿನ ಒಂದು ಶಾಖೆ ಇಟ್ಟುಕೊಂಡು ದರೋಡೆ ಸಿನಿಮಾ ಮಾಡಬೇಕು ಅಂತ ನನಗೆ ತುಂಬಾ ಆಸೆ. ಆ ನಾಜೂಕು ಕೆಲಸ, ಆ ಮೌನ, ಆ ತಂಡ ಎಲ್ಲ ಇರಲಿ. ಜೊತೆಗೆ ಕಳ್ಳ ಚೀಲ ಎತ್ತಿಕೊಳ್ಳುವಾಗ ಕ್ಯಾಮೆರಾ ಆ ಚೀಟಿಯ ಮೇಲೆ ಓದುವಷ್ಟು ಹೊತ್ತು ನಿಲ್ಲಲಿ. ಅದಾದ ಮೇಲೂ ನಾವು ಅವನ ಪರ ಇರುತ್ತೇವಾ ಅಂತ ನೋಡಬೇಕು. ಅಂಥ ಸಿನಿಮಾ ಬಂದರೆ ಮೊದಲ ದಿನವೇ ಟಿಕೆಟ್ ತಗೊಳ್ಳುತ್ತೇನೆ, ಆ ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ.