ಶೆಲ್‌ಗಳ ಬರ: ಉಕ್ರೇನ್ ಯುದ್ಧದಲ್ಲಿ ನೆರವು ಮತ್ತು ಸವೆತದ ಕಥೆ

155 ಎಂಎಂ ಅಡ್ಡಗಲದ ಫಿರಂಗಿ ಶೆಲ್ ಒಂದರ ತೂಕ ಸುಮಾರು 45 ಕೆಜಿ. ಸಿಮೆಂಟ್ ಮೂಟೆಗಿಂತ ಚೂರು ಕಡಿಮೆ. ಗಟ್ಟಿಮುಟ್ಟಾದ ಒಬ್ಬ ಆಳು ಅದನ್ನು ಎತ್ತಿ ಫಿರಂಗಿಗೆ ತುಂಬಬಲ್ಲ. ಹಾರಿಸಿದರೆ ಇಪ್ಪತ್ತು ಕಿಲೋಮೀಟರಿಗಿಂತ ಆಚೆ ಹೋಗಿ ಬೀಳುತ್ತದೆ. ಉಕ್ರೇನ್ ಯುದ್ಧದ ಸುದ್ದಿ ಅಂದಾಗ ನಮಗೆ ಟ್ಯಾಂಕು, ಎಫ್-16 ವಿಮಾನ, ದೊಡ್ಡ ಕ್ಷಿಪಣಿಗಳೇ ಕಣ್ಣಿಗೆ ಕಟ್ಟುತ್ತವೆ. ಆದರೆ ಮೊದಲ ಮೂರು ವರ್ಷ ಯಾವ ಊರು ಉಳಿಯಿತು, ಯಾವ ಊರು ಹೋಯಿತು ಎಂಬುದನ್ನು ನೋಡುತ್ತ ಬಂದರೆ ಮತ್ತೆ ಮತ್ತೆ ಈ ಶೆಲ್ಲಿನ ಲೆಕ್ಕಕ್ಕೇ ಬಂದು ನಿಲ್ಲುತ್ತೇವೆ. ಎಷ್ಟು ಬಂತು? ಅದಕ್ಕಿಂತ ಮುಖ್ಯವಾಗಿ, ಯಾವಾಗ ಬಂತು?

ಈ ಲೆಕ್ಕ 2022ರ ಫೆಬ್ರುವರಿ 24ರಂದು ಶುರುವಾದದ್ದಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ಪಾಲಿಗೆ ಭಾರೀ ಶಸ್ತ್ರಾಗಾರಗಳು ಬಂದವು. ಅಣ್ವಸ್ತ್ರಗಳೂ ಅಲ್ಲೇ ಇದ್ದವು. 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ ಅದು ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತು. ಬದಲಿಗೆ ನಿಮ್ಮ ಗಡಿಯನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಸಹಿ ಹಾಕಿದವು. ಇಪ್ಪತ್ತು ವರ್ಷ ಕಳೆದ ಮೇಲೆ, 2014ರಲ್ಲಿ, ರಷ್ಯಾ ಕ್ರೈಮಿಯಾವನ್ನು ಕಿತ್ತುಕೊಂಡಿತು. ಪೂರ್ವ ಉಕ್ರೇನಿನ ಡಾನ್‌ಬಾಸ್‌ನಲ್ಲಿ ಕಾಳಗ ಹತ್ತಿಕೊಂಡಿತು.

ಅಲ್ಲಿಂದ ಮುಂದೆ ನಡೆದ ಒಂದು ಸರಣಿಯನ್ನು ಹೆಚ್ಚಿನವರು ಮರೆತಿದ್ದಾರೆ. ಉಕ್ರೇನಿನ ಮದ್ದುಗುಂಡು ಡಿಪೋಗಳು ಒಂದಾದ ಮೇಲೊಂದು ಸಿಡಿಯತೊಡಗಿದವು. 2015ರಲ್ಲಿ ಸ್ವಾಟೊವೆ. 2017ರ ಮಾರ್ಚ್‌ನಲ್ಲಿ ಬಲಾಕ್ಲಿಯಾ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಲಿನಿವ್ಕಾ. 2018ರಲ್ಲಿ ಇಚ್ನಿಯಾ. ಬಲಾಕ್ಲಿಯಾ ಒಂದರಲ್ಲೇ ಸುಮಾರು 20 ಸಾವಿರ ಜನರನ್ನು ಮನೆ ಬಿಡಿಸಿ ಸಾಗಿಸಬೇಕಾಯಿತು. ಇದು ವಿಧ್ವಂಸಕ ಕೃತ್ಯ ಎಂದು ಉಕ್ರೇನ್ ಅಧಿಕಾರಿಗಳು ಹೇಳಿದರು. 2014ರಲ್ಲಿ ಜೆಕ್ ದೇಶದ ವ್ರ್ಬೆಟಿಟ್ಸೆ ಎಂಬಲ್ಲೂ ಒಂದು ಡಿಪೋ ಸಿಡಿದು ಇಬ್ಬರು ಸತ್ತಿದ್ದರು. ಅದು ರಷ್ಯಾದ ಮಿಲಿಟರಿ ಗುಪ್ತಚರ ವಿಭಾಗದ ಕೆಲಸ ಎಂದು ಜೆಕ್ ಸರ್ಕಾರ 2021ರಲ್ಲಿ ಬಹಿರಂಗವಾಗಿ ಹೇಳಿತು. ಯಾರು ಹೊಣೆ ಎಂಬ ವಾದ ಬೇಕಾದರೆ ಇರಲಿ, ಪರಿಣಾಮ ಮಾತ್ರ ಒಂದೇ. ಸೋವಿಯತ್ ಕಾಲದ 152 ಎಂಎಂ ಶೆಲ್‌ಗಳ ರಾಶಿ ದೊಡ್ಡ ಯುದ್ಧ ಶುರುವಾಗುವ ಮೊದಲೇ ಕರಗುತ್ತ ಬಂದಿತ್ತು.

ಪಶ್ಚಿಮದ ದೇಶಗಳು ಆಗ ಇನ್ನೂ ಹಿಂಜರಿಯುತ್ತಿದ್ದವು. ಒಬಾಮಾ ಆಡಳಿತ ಕಂಬಳಿ, ರೇಡಾರ್, ರಾತ್ರಿ ಕಾಣುವ ಕನ್ನಡಕ ಕೊಟ್ಟಿತೇ ಹೊರತು ಕೊಲ್ಲುವ ಆಯುಧ ಕೊಡಲಿಲ್ಲ. ಟ್ಯಾಂಕ್ ಒಡೆಯುವ ಜಾವೆಲಿನ್ ಕ್ಷಿಪಣಿ ಉಕ್ರೇನಿಗೆ ಸಿಕ್ಕಿದ್ದು 2018ರಲ್ಲಿ.

2022ರಲ್ಲಿ ರಷ್ಯಾ ಎಲ್ಲ ಕಡೆಯಿಂದ ನುಗ್ಗಿದಾಗ ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದು ವಾಷಿಂಗ್ಟನ್‌ನಲ್ಲೂ ಬಹಳ ಜನ ಅಂದುಕೊಂಡಿದ್ದರು. ಮೊದಲು ಹೋದ ನೆರವನ್ನು ನೋಡಿದರೂ ಅದು ಗೊತ್ತಾಗುತ್ತದೆ. ಜಾವೆಲಿನ್, ಎನ್‌ಲಾ, ಸ್ಟಿಂಗರ್. ಎಲ್ಲವೂ ಹೆಗಲ ಮೇಲಿಟ್ಟು ಹೊಡೆಯುವಂಥವು, ಅಡಗಿ ಕುಳಿತು ಕಾದಾಡುವವರಿಗೆ ಹೇಳಿಮಾಡಿಸಿದಂಥವು. ಕೀವ್ ಬೀಳಲಿಲ್ಲ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾದ ಪಡೆ ಅಲ್ಲಿಂದ ಹಿಂದೆ ಸರಿದಿತ್ತು. ಆದರೆ ಖಾರ್ಕಿವ್ ಮೇಲೆ ಶೆಲ್ ಮಳೆ ನಿಲ್ಲಲಿಲ್ಲ. ಮಾರ್ಚ್ 1ರಂದು ಅಲ್ಲಿ ಸತ್ತವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿಯೂ ಇದ್ದ. ಈ ಯುದ್ಧ ದೂರದ್ದು ಅಂತ ನನಗೆ ಆವತ್ತಿನಿಂದ ಅನ್ನಿಸಿಲ್ಲ.

ಯುದ್ಧದ ಸ್ವಭಾವ ಬದಲಾದದ್ದು ಆ ಬೇಸಿಗೆಯಲ್ಲಿ, ಡಾನ್‌ಬಾಸ್‌ನ ಬಯಲಿನಲ್ಲಿ. ರಷ್ಯಾ ವೇಗದ ಆಟ ಬಿಟ್ಟು ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿತು. ಊರನ್ನು ಮೊದಲು ಪುಡಿ ಮಾಡುವುದು, ಆಮೇಲೆ ಒಳಗೆ ಹೋಗುವುದು. ಸೆವೆರೊಡೊನೆಟ್ಸ್ಕ್, ಲಿಸಿಚಾನ್ಸ್ಕ್ ಹೋದದ್ದು ಹೀಗೆ. ಉಕ್ರೇನಿನ ಬಳಿ ಫಿರಂಗಿಗಳಿದ್ದವು, ಆದರೆ ಅವುಗಳಿಗೆ ಬೇಕಾದ 152 ಎಂಎಂ ಶೆಲ್‌ಗಳು ಮುಗಿಯುತ್ತ ಬಂದಿದ್ದವು. ಅದನ್ನು ತಯಾರಿಸುವ ದೊಡ್ಡ ದೇಶ ರಷ್ಯಾನೇ! ಹಾಗಾಗಿ ಯುದ್ಧದ ನಡುವೆಯೇ ಒಂದು ಸೈನ್ಯ ತನ್ನ ಫಿರಂಗಿಯ ಅಳತೆಯನ್ನೇ ಬದಲಿಸಬೇಕಾಯಿತು. ಅಮೆರಿಕದ ಎಂ777, ಫ್ರಾನ್ಸ್‌ನ ಸೀಸರ್, ಜರ್ಮನಿಯ ಪಿಝಡ್‌ಎಚ್ 2000, ಎಲ್ಲವೂ 155 ಎಂಎಂ. ಬೇರೆ ಬೇರೆ ಕೈಪಿಡಿ, ಬೇರೆ ಬೇರೆ ಬಿಡಿಭಾಗ. ಓಡುವ ಬಸ್ಸಿನ ಎಂಜಿನ್ ಬದಲಿಸಿದ ಹಾಗೆ ಇದು. ಅವರು ಅದನ್ನು ಮಾಡಿದರು ಎಂಬುದೇ ನನಗೆ ದೊಡ್ಡ ಅಚ್ಚರಿ.

ಜೂನ್ ಕೊನೆಗೆ ಹಿಮಾರ್ಸ್ ರಾಕೆಟ್ ಲಾಂಚರ್‌ಗಳು ಬಂದವು. ಮೊದಲ ಕಂತಿನಲ್ಲಿ ಬೆರಳೆಣಿಕೆಯಷ್ಟೇ. ಆದರೆ ಅವು 70-80 ಕಿಲೋಮೀಟರ್ ದೂರದ ಗುರಿಗೆ ಕರಾರುವಾಕ್ಕಾಗಿ ಹೊಡೆಯುತ್ತಿದ್ದವು. ಉಕ್ರೇನ್ ಅವನ್ನು ಮುಂಚೂಣಿಯ ಸೈನಿಕರ ಮೇಲೆ ಖರ್ಚು ಮಾಡದೆ ಮದ್ದುಗುಂಡಿನ ಡಿಪೋಗಳಿಗೂ ಖೆರ್ಸೋನ್‌ನ ಆಂಟೊನಿವ್ಕಾ ಸೇತುವೆಗೂ ಹೊಡೆಯಿತು. ರಷ್ಯಾ ತನ್ನ ಡಿಪೋಗಳನ್ನು ಬಹಳ ಹಿಂದಕ್ಕೆ ಒಯ್ಯಬೇಕಾಯಿತು. ಅಲ್ಲಿಂದ ಲಾರಿಯಲ್ಲಿ ಶೆಲ್ ತರುವುದು ಕಷ್ಟವಾಯಿತು. ಸೆಪ್ಟೆಂಬರ್‌ನಲ್ಲಿ ಖಾರ್ಕಿವ್ ಪ್ರಾಂತ್ಯದ ಬಹುಭಾಗ, ನವೆಂಬರ್ 11ರಂದು ಖೆರ್ಸೋನ್ ನಗರ ಮತ್ತೆ ಉಕ್ರೇನಿನ ಕೈಗೆ ಬಂದವು. ಸರಿಯಾದ ಹೊತ್ತಿಗೆ ಬಂದ ನೆರವು ಏನು ಮಾಡಬಲ್ಲದು ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಆಮೇಲೆ ಸಿಗಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಮೆರಿಕ ಇಷ್ಟು ಕೋಟಿ ಡಾಲರ್ ಕೊಟ್ಟಿತು ಎಂದು ಓದಿದಾಗ ಕೀವ್‌ಗೆ ಹಣದ ಚೀಲ ಹೋಯಿತು ಅನ್ನಿಸುತ್ತದೆ, ಅಲ್ವಾ? ಮಿಲಿಟರಿ ನೆರವು ಹೆಚ್ಚಾಗಿ ಹಾಗೆ ಹೋಗುವುದಿಲ್ಲ. ಅಮೆರಿಕದ ಸೈನ್ಯ ತನ್ನ ಗೋದಾಮಿನಿಂದ ಹಳೆಯ ಸರಕು ತೆಗೆದು ಕಳಿಸುತ್ತದೆ. ಖಾಲಿಯಾದ ಜಾಗ ತುಂಬಲು ತನ್ನದೇ ದೇಶದ ಕಾರ್ಖಾನೆಗಳಿಂದ ಹೊಸದು ಕೊಳ್ಳುತ್ತದೆ. ಹೀಗಾಗಿ ಸಂಸತ್ತು ಮಂಜೂರು ಮಾಡಿದ ಹಣದ ದೊಡ್ಡ ಭಾಗ ಅಮೆರಿಕದಲ್ಲೇ ಖರ್ಚಾಗುತ್ತದೆ. ಗೋದಾಮು ಬರಿದಾಗುವ ತನಕ ಈ ಪದ್ಧತಿ ಚೆನ್ನಾಗಿ ನಡೆಯಿತು.

ಬರಿದಾಗತೊಡಗಿದ್ದು ಬಖ್ಮುತ್‌ನಲ್ಲಿ. 2022ರ ಆಗಸ್ಟ್‌ನಿಂದ 2023ರ ಮೇ ತನಕ ಆ ಒಂದು ಪಟ್ಟಣಕ್ಕಾಗಿ ಕಾದಾಟ ನಡೆಯಿತು. ರಷ್ಯಾದ ಖಾಸಗಿ ಸೈನ್ಯವಾದ ವ್ಯಾಗ್ನರ್ ಪಡೆ ಜೈಲುಗಳಿಂದ ಕೈದಿಗಳನ್ನು ತಂದು ಅಲೆ ಅಲೆಯಾಗಿ ಮುಂದೆ ತಳ್ಳಿತು. ಅಲ್ಲಿ ತನ್ನವರು 20 ಸಾವಿರ ಜನ ಸತ್ತರು, ಅವರಲ್ಲಿ ಅರ್ಧದಷ್ಟು ಕೈದಿಗಳು ಎಂದು ಅದರ ಮುಖ್ಯಸ್ಥ ಪ್ರಿಗೋಝಿನ್ ತಾನೇ ಹೇಳಿದ. ಹೆಣಗಳ ಸಾಲಿನ ಮುಂದೆ ನಿಂತು ಶೆಲ್ ಕೊಡಿ ಎಂದು ರಷ್ಯಾದ ರಕ್ಷಣಾ ಮಂತ್ರಿಯ ಹೆಸರು ಹಿಡಿದು ಕೂಗಿದ. ಅಂದರೆ ಕೊರತೆ ಎರಡೂ ಕಡೆ ಇತ್ತು. ನಮ್ಮ ಉತ್ಪಾದನೆಗಿಂತ ಎಷ್ಟೋ ಪಟ್ಟು ಜಾಸ್ತಿ ಮದ್ದುಗುಂಡನ್ನು ಉಕ್ರೇನ್ ಬಳಸುತ್ತಿದೆ ಎಂದು ನೇಟೊ ಮುಖ್ಯಸ್ಥ ಸ್ಟೋಲ್ಟೆನ್‌ಬರ್ಗ್ 2023ರ ಫೆಬ್ರುವರಿಯಲ್ಲಿ ಒಪ್ಪಿಕೊಂಡರು.

ಎಷ್ಟು ಪಟ್ಟು? ಯುದ್ಧಕ್ಕೆ ಮುಂಚೆ ಅಮೆರಿಕ ತಿಂಗಳಿಗೆ ಸುಮಾರು 14 ಸಾವಿರ 155 ಎಂಎಂ ಶೆಲ್ ಮಾಡುತ್ತಿತ್ತು. ಕಾಳಗ ಜೋರಾದ ದಿನಗಳಲ್ಲಿ ಉಕ್ರೇನಿಗೆ ಅದು ಎರಡು ಮೂರು ದಿನಕ್ಕೆ ಆಗುತ್ತಿತ್ತು.

ದುಡ್ಡು ಹಾಕಿದರೆ ಶೆಲ್ ತಾನಾಗಿ ಬರುವುದಿಲ್ಲ. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಅಮೆರಿಕದ ಸೈನ್ಯದ ಮುಖ್ಯ ಶೆಲ್ ಕಾರ್ಖಾನೆ ಇದೆ. ಒಂದು ಕಾಲಕ್ಕೆ ರೈಲ್ವೆ ಎಂಜಿನ್ ರಿಪೇರಿ ಮಾಡುತ್ತಿದ್ದ ಹಳೆಯ ಕಟ್ಟಡ. ಅಲ್ಲಿ ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ ಶೆಲ್ಲಿನ ಆಕಾರಕ್ಕೆ ತರುತ್ತಾರೆ. ಅದರೊಳಗೆ ಸ್ಫೋಟಕ ತುಂಬುವುದು ಅಯೋವಾ ರಾಜ್ಯದಲ್ಲಿ. ಆ ಸ್ಫೋಟಕ ಎಲ್ಲಿಂದ? ಅಮೆರಿಕ ಟಿಎನ್‌ಟಿ ತಯಾರಿಕೆಯನ್ನು 1986ರಲ್ಲೇ ನಿಲ್ಲಿಸಿತ್ತು. ಪೋಲೆಂಡಿನ ಬಿಡ್ಗೋಶ್ ಊರಿನ ಒಂದು ಕಾರ್ಖಾನೆಯನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಯಿತು. ಇನ್ನು ಶೆಲ್ಲನ್ನು ಫಿರಂಗಿಯಿಂದ ತಳ್ಳುವ ಮದ್ದು. ಅದಕ್ಕೆ ಬೇಕಾದದ್ದು ಹತ್ತಿ. ಜಿನ್ನಿಂಗ್ ಮುಗಿದ ಮೇಲೆ ಬೀಜಕ್ಕೆ ಅಂಟಿಕೊಂಡಿರುತ್ತದಲ್ಲ, ಆ ಗಿಡ್ಡ ಎಳೆಗಳು. ಯುರೋಪಿನ ಕಾರ್ಖಾನೆಗಳು ಅದರ ದೊಡ್ಡ ಪಾಲನ್ನು ತರಿಸುತ್ತಿದ್ದದ್ದು ಚೀನಾದಿಂದ. ಮೂವತ್ತು ವರ್ಷ ಇನ್ನು ದೊಡ್ಡ ಯುದ್ಧ ಬರುವುದಿಲ್ಲ ಎಂದು ನಂಬಿ ಒಂದೊಂದೇ ಕೊಂಡಿ ಬಿಚ್ಚಿದ್ದವರು ಈಗ ಎಲ್ಲವನ್ನೂ ಒಟ್ಟಿಗೆ ಜೋಡಿಸಬೇಕಿತ್ತು.

2023ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟ ಒಂದು ವರ್ಷದಲ್ಲಿ 10 ಲಕ್ಷ ಶೆಲ್ ಕೊಡುತ್ತೇವೆ ಎಂದು ಮಾತು ಕೊಟ್ಟಿತು. ವರ್ಷ ಮುಗಿದಾಗ ತಲುಪಿದ್ದು ಹೆಚ್ಚೂ ಕಡಿಮೆ ಅರ್ಧ.

ಆ ವರ್ಷ ಉಕ್ರೇನ್ ನಡೆಸಿದ ಪ್ರತಿದಾಳಿಯ ಬಗ್ಗೆ ಬಹಳ ಚರ್ಚೆಯಾಗಿದೆ. ನನ್ನ ಮಟ್ಟಿಗೆ ತಾರೀಖುಗಳನ್ನು ನೋಡಿದರೆ ಸಾಕು. ಖೆರ್ಸೋನ್ ಮರಳಿ ಸಿಕ್ಕಿದ್ದು ನವೆಂಬರ್. ಲೆಪರ್ಡ್ ಟ್ಯಾಂಕ್ ಕೊಡಲು ಜರ್ಮನಿ ಒಪ್ಪಿದ್ದು ಜನವರಿ 25. ದಾಳಿ ಶುರುವಾದದ್ದು ಜೂನ್. ರಷ್ಯಾ 2022ರ ಅಕ್ಟೋಬರ್ ಕೊನೆಗೇ 3 ಲಕ್ಷ ಜನರನ್ನು ಸೈನ್ಯಕ್ಕೆ ಕರೆಸಿಕೊಂಡು ಮುಗಿಸಿತ್ತು. ನಡುವಿನ ಏಳು ತಿಂಗಳಲ್ಲಿ ದಕ್ಷಿಣದ ಝಪೊರಿಝಿಯಾದ ಹೊಲಗಳಲ್ಲಿ ಕಂದಕ ತೋಡಿ, ಕಾಂಕ್ರೀಟ್ ಕೋರೆಗಳನ್ನು ನೆಟ್ಟು, ಮೈಲುಗಟ್ಟಲೆ ನೆಲಬಾಂಬ್ ಹೂತಿತ್ತು. ಉಕ್ರೇನ್ ಪಡೆ ರೊಬೊಟಿನೆ ಎಂಬ ಹಳ್ಳಿಯ ತನಕ ಹೋಗಿ ನಿಂತಿತು. ಟ್ಯಾಂಕ್ ಬೇಡ, ವಿಮಾನ ಬೇಡ, ದೂರದ ಕ್ಷಿಪಣಿ ಬೇಡ ಎಂದು ಮೊದಲು ಹೇಳಿ, ತಿಂಗಳುಗಳ ಬಳಿಕ ಅದನ್ನೇ ಕೊಡುವುದು ಒಂದು ರೂಢಿಯೇ ಆಗಿಹೋಯಿತು. ಅಣ್ವಸ್ತ್ರವಿರುವ ದೇಶದ ಜೊತೆ ನೇರ ಯುದ್ಧ ಬರಬಾರದು ಎಂಬ ಭಯ ಅದರ ಹಿಂದಿತ್ತು. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿ ಸಲದ ತಡಕ್ಕೂ ಬೆಲೆ ತೆತ್ತವರು ಕಂದಕದಲ್ಲಿದ್ದವರು.

ಆ ಬೆಲೆ ಎಷ್ಟಾಗಬಹುದು ಎಂಬುದು ಡಾನ್‌ಬಾಸ್‌ನ ಅವ್‌ದಿಯಿವ್ಕಾ ಪಟ್ಟಣದಲ್ಲಿ ಕಂಡಿತು. 2023ರ ಅಕ್ಟೋಬರ್‌ನಲ್ಲಿ ಬೈಡನ್ ಸುಮಾರು 6,100 ಕೋಟಿ ಡಾಲರ್ ನೆರವು ಕೇಳಿದರು. ಅಮೆರಿಕದ ಸಂಸತ್ತು ಗಡಿ ವಲಸೆಯ ಜಗಳದಲ್ಲಿ ಅದನ್ನು ಆರು ತಿಂಗಳು ತಡೆಹಿಡಿಯಿತು. ಆ ಚಳಿಗಾಲದ ಸ್ಥಿತಿಗೆ ಉಕ್ರೇನಿನ ಸೈನಿಕರು ಇಟ್ಟ ಹೆಸರು 'ಶೆಲ್ ಹಸಿವು'. ನಮ್ಮ ಮಾತಿನಲ್ಲಿ ಶೆಲ್‌ಗಳ ಬರ. ಈ ಮಾತು ಹಳೆಯದು. 1915ರಲ್ಲಿ ರಷ್ಯಾದ ಝಾರ್ ದೊರೆಯ ಸೈನ್ಯ ಶೆಲ್ ಇಲ್ಲದೆ ಪೋಲೆಂಡಿನಿಂದ ಹಿಂದೆ ಸರಿದಾಗಲೂ ಇದೇ ಪದ ಬಳಕೆಯಲ್ಲಿತ್ತು. ಹತ್ತು ವರ್ಷ ಹಿಡಿದಿಟ್ಟುಕೊಂಡಿದ್ದ ಅವ್‌ದಿಯಿವ್ಕಾ 2024ರ ಫೆಬ್ರುವರಿ 17ರಂದು ಹೋಯಿತು. ರಷ್ಯಾ ಒಂದಕ್ಕೆ ಐದರಂತೆ ಶೆಲ್ ಹಾರಿಸುತ್ತಿದೆ, ನೆರವು ಬಾರದಿದ್ದರೆ ಕೆಲವೇ ವಾರಗಳಲ್ಲಿ ಒಂದಕ್ಕೆ ಹತ್ತಾಗುತ್ತದೆ ಎಂದು ಯುರೋಪಿನಲ್ಲಿದ್ದ ಅಮೆರಿಕ ಪಡೆಗಳ ಮುಖ್ಯಸ್ಥ ಜನರಲ್ ಕವೋಲಿ ಏಪ್ರಿಲ್‌ನಲ್ಲಿ ಅಮೆರಿಕದ ಸಂಸದರ ಮುಂದೆ ಹೇಳಿದರು. ಏಪ್ರಿಲ್ 24ರಂದು ಮಸೂದೆಗೆ ಸಹಿ ಬಿತ್ತು.

ಆ ಹೊತ್ತಿನಲ್ಲಿ ಕೈಹಿಡಿದದ್ದು ಜೆಕ್ ದೇಶ. ಬೇರೆ ಬೇರೆ ದೇಶಗಳಲ್ಲಿ 8 ಲಕ್ಷ ಶೆಲ್ ಹುಡುಕಿಟ್ಟಿದ್ದೇವೆ, ದುಡ್ಡು ಕೊಡಿ, ತರುತ್ತೇವೆ ಎಂದು ಅಲ್ಲಿನ ಅಧ್ಯಕ್ಷ ಪಾವೆಲ್ ಮ್ಯೂನಿಕ್ ಸಭೆಯಲ್ಲಿ ಹೇಳಿದರು. ತಂದರು ಕೂಡ.

ರಷ್ಯಾಕ್ಕೂ ನೆರವು ಬಂತು ಎಂಬುದನ್ನು ಮರೆಯಬಾರದು. ಇರಾನಿನ ಶಾಹೆದ್ ಡ್ರೋನ್‌ಗಳು 2022ರಲ್ಲೇ ಬಂದವು. ಆಮೇಲೆ ಟಾಟರ್‌ಸ್ತಾನದ ಅಲಾಬುಗಾದಲ್ಲಿ ಅವನ್ನು ತಯಾರಿಸುವ ಕಾರ್ಖಾನೆಯೇ ಎದ್ದಿತು. 2023ರಿಂದ ಉತ್ತರ ಕೊರಿಯಾ ರೈಲುಗಟ್ಟಲೆ ಶೆಲ್ ಕಳಿಸಿತು, 2024ರ ಕೊನೆಗೆ 10 ಸಾವಿರಕ್ಕೂ ಜಾಸ್ತಿ ಸೈನಿಕರನ್ನೇ ರಷ್ಯಾದ ಗಡಿ ಪ್ರಾಂತ್ಯ ಕುರ್ಸ್ಕ್‌ಗೆ ಕಳಿಸಿತು. ಅಲ್ಲಿ ಸಂಸತ್ತಿನ ಚರ್ಚೆ ಇರಲಿಲ್ಲ.

ಶೆಲ್ಲನ್ನು ಬೇರೆಯವರಿಂದ ತರಿಸಬಹುದು. ಜನರನ್ನು? ಬಿಬಿಸಿ ಮತ್ತು ಮೀಡಿಯಾಝೋನಾ ಸೇರಿ ಸಮಾಧಿ, ಸಾವಿನ ಸುದ್ದಿಗಳನ್ನು ಹುಡುಕಿ ಸತ್ತ ರಷ್ಯನ್ ಸೈನಿಕರ ಹೆಸರುಗಳನ್ನು ಪಟ್ಟಿ ಮಾಡುತ್ತಿವೆ. 2025ರಲ್ಲಿ ಆ ಪಟ್ಟಿ 1 ಲಕ್ಷ ದಾಟಿತು. ನಿಜವಾದ ಸಂಖ್ಯೆ ಅದಕ್ಕಿಂತ ಜಾಸ್ತಿ. ಖಾಲಿ ಜಾಗ ತುಂಬಲು ರಷ್ಯಾ ದುಡ್ಡು ಸುರಿಯಿತು. 2024ರ ಜುಲೈನಲ್ಲಿ ಮಾಸ್ಕೋ ನಗರ ಸೈನ್ಯ ಸೇರುವವರಿಗೆ 19 ಲಕ್ಷ ರೂಬಲ್ ಕೊಡುವುದಾಗಿ ಹೇಳಿತು. ಹೊರಗಿನವರನ್ನೂ ಬಿಡಲಿಲ್ಲ. ಸೆಕ್ಯುರಿಟಿ ಕೆಲಸ ಎಂಬ ಮಾತು ನಂಬಿ ಹೋದ ಕಲಬುರಗಿಯ ಮೂವರು ಯುವಕರು ಯುದ್ಧಭೂಮಿಗೆ ಸೇರಿಬಿಟ್ಟಿದ್ದರು. ಅವರು ಊರಿಗೆ ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅವರಂತೆಯೇ ಹೋದ ಬೇರೆ ಕೆಲವು ಭಾರತೀಯರು ಬರಲೇ ಇಲ್ಲ.

ಉಕ್ರೇನಿಗೆ ಜನರ ಕೊರತೆ ಇನ್ನೂ ಕಷ್ಟದ್ದು, ಏಕೆಂದರೆ ಅದು ಚಿಕ್ಕ ದೇಶ. 43 ಸಾವಿರ ಸೈನಿಕರು ಸತ್ತಿದ್ದಾರೆ ಎಂದು ಝೆಲೆನ್‌ಸ್ಕಿ 2024ರ ಡಿಸೆಂಬರ್‌ನಲ್ಲಿ ಹೇಳಿದರು. ಕಡ್ಡಾಯವಾಗಿ ಕರೆಯುವ ವಯಸ್ಸನ್ನು ಆ ವರ್ಷವೇ 27ರಿಂದ 25ಕ್ಕೆ ಇಳಿಸಿದ್ದರು. ಇನ್ನೂ ಇಳಿಸಿ ಎಂದು ಅಮೆರಿಕ ಒತ್ತಾಯಿಸಿತು. ಆಯುಧವೇ ಇಲ್ಲದೆ ಹುಡುಗರನ್ನು ಯಾಕೆ ಕಳಿಸಲಿ ಎಂಬುದು ಕೀವ್‌ನ ಉತ್ತರವಾಗಿತ್ತು.

ಶೆಲ್ ಮತ್ತು ಜನ ಎರಡೂ ಸಾಲದಿದ್ದಾಗ ಉಕ್ರೇನ್ ಡ್ರೋನ್ ಹಿಡಿಯಿತು. ಕ್ಯಾಮೆರಾದ ಕಣ್ಣಿನಿಂದ ನೋಡುತ್ತ ದೂರದಿಂದ ನಡೆಸುವ, ಕೆಲವು ನೂರು ಡಾಲರ್‌ನ ಎಫ್‌ಪಿವಿ ಡ್ರೋನ್‌ಗಳನ್ನು ಸಣ್ಣ ವರ್ಕ್‌ಶಾಪ್‌ಗಳಲ್ಲೂ ಜೋಡಿಸಬಹುದು. 2024ರಲ್ಲಿ ಅವು ಲಕ್ಷಗಟ್ಟಲೆ ತಯಾರಾದವು. ನೆರವಿನ ರೂಪವೂ ಬದಲಾಯಿತು. ಡೆನ್ಮಾರ್ಕ್ ಆಯುಧ ಕಳಿಸುವ ಬದಲು ಉಕ್ರೇನಿನ ಕಾರ್ಖಾನೆಗಳಿಗೇ ಹಣ ಕೊಟ್ಟು ಅವರದೇ ಬೊಹ್ಡಾನಾ ಫಿರಂಗಿ ಮಾಡಿಸಿತು. 2025ರ ಮಾರ್ಚ್‌ನಲ್ಲಿ ಟ್ರಂಪ್ ಕೆಲ ದಿನ ಆಯುಧ ಮತ್ತು ಗುಪ್ತಚರ ಮಾಹಿತಿ ಎರಡನ್ನೂ ನಿಲ್ಲಿಸಿದಾಗ ಈ ದಾರಿ ಎಷ್ಟು ಬೇಕಾಗಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು. ಆ ಜುಲೈನಿಂದ ಯುರೋಪಿನ ದೇಶಗಳು ದುಡ್ಡು ಕೊಟ್ಟು ಅಮೆರಿಕದ ಆಯುಧ ಕೊಂಡು ಉಕ್ರೇನಿಗೆ ಕೊಡುವ ಏರ್ಪಾಡು ಬಂತು. ಆಗಸ್ಟ್‌ನಲ್ಲಿ ಜರ್ಮನಿಯ ಉಂಟರ್‌ಲ್ಯೂಸ್‌ನಲ್ಲಿ ವರ್ಷಕ್ಕೆ 3.5 ಲಕ್ಷ ಶೆಲ್ ಗುರಿಯ ಹೊಸ ಕಾರ್ಖಾನೆ ತೆರೆಯಿತು. ಯುದ್ಧ ಶುರುವಾಗಿ ಮೂರೂವರೆ ವರ್ಷದ ಮೇಲೆ.

ಅಷ್ಟರಲ್ಲಿ ಮುಂಚೂಣಿಯ ರೂಪವೇ ಬೇರೆಯಾಗಿತ್ತು. ಮುಂಚೂಣಿಯಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಒಳಗೆ ಹಗಲಿನಲ್ಲಿ ಗಾಡಿ ಓಡಿಸಿದರೆ ಡ್ರೋನ್ ಬೆನ್ನು ಹತ್ತುತ್ತದೆ. ಅದಕ್ಕೆ ರಸ್ತೆಗಳ ಎರಡೂ ಬದಿ ಕಂಬ ನೆಟ್ಟು, ಮೇಲೆ ಚಪ್ಪರದ ಹಾಗೆ ಬಲೆ ಹೊದಿಸುತ್ತಾರೆ. ರೆಕ್ಕೆ ಸಿಕ್ಕಿಕೊಂಡರೆ ಡ್ರೋನ್ ಅಲ್ಲೇ ನಿಲ್ಲುತ್ತದೆ. ಆ ಬಲೆಗಳಲ್ಲಿ ಕೆಲವು ಫ್ರಾನ್ಸ್‌ನ ಬ್ರಿಟನಿ ಕರಾವಳಿಯ ಬೆಸ್ತರು ಕೊಟ್ಟವು. ಸಮುದ್ರದಲ್ಲಿ ಮೀನು ಹಿಡಿದು ಹಳತಾದ ಬಲೆಗಳನ್ನು ಲಾರಿಗೆ ತುಂಬಿ ಉಕ್ರೇನಿಗೆ ಕಳಿಸಿದ್ದಾರೆ.